ಕುದುರೆ ಮೇಲೆ ಕೂತವನು ಯಾರು?

ಸೀನ ಬೈ-ಟೂ ಕಾಫಿ ಮುಂದೆ ಮುಖ ಸಿಂಡರಿಸಿಕೊಂಡು ಕೂತಿದ್ದ. ಆಧಾರ್‌ನಲ್ಲಿ ‘ಶ್ರೀನಿವಾಸ ಎಚ್.’, ಪ್ಯಾನ್‌ನಲ್ಲಿ ಬರೀ ‘ಶ್ರೀನಿವಾಸ’.

“ನಾನು ನಾನೇ ಅಂತ ತೋರಿಸೋಕೆ ಮೂರು ಸಲ ಅಲೆದೆ ಕಣ್ರೋ.”

“ಮೂರಕ್ಕೇ ಸುಸ್ತಾದೆಯಾ? ಮ್ಯಾಸಿಡೋನಿಯಾದವರು 27 ವರ್ಷ ಅಲೆದರು” ಎಂದ ಗೋಪಿ. ಇವನು ಪೇಪರನ್ನು ವಿದೇಶದ ಪುಟದಿಂದ ಓದಲು ಶುರು ಮಾಡುವ ಆಸಾಮಿ.

“1991ರಲ್ಲಿ ಯುಗೊಸ್ಲಾವಿಯಾದಿಂದ ಬೇರೆಯಾಗಿ ಆ ಹೆಸರಿಟ್ಟುಕೊಂಡರು. ಪಕ್ಕದ ಗ್ರೀಸ್ ಜಗಳಕ್ಕೆ ಬಂತು. ಅದು ನಮ್ಮ ಉತ್ತರ ಸೀಮೆಯ ಹೆಸರು, ಅಲೆಕ್ಸಾಂಡರ್ ನಮ್ಮವನು ಅಂತ. ಕೊನೆಗೆ 1993ರಲ್ಲಿ ವಿಶ್ವಸಂಸ್ಥೆಗೆ ಸೇರಿದ್ದು ‘ಮಾಜಿ ಯುಗೊಸ್ಲಾವ್ ಗಣರಾಜ್ಯ ಮ್ಯಾಸಿಡೋನಿಯಾ’ ಅಂತ.”

“ಹುಟ್ಟುತ್ತಲೇ ಮಾಜಿಯಾ? ನಮ್ಮಲ್ಲಿ ಅದಕ್ಕೆ ಒಂದು ಚುನಾವಣೆಯಾದರೂ ಸೋಲಬೇಕು!” ಎಂದೆ ನಾನು.

ರಾಘುಗೆ ಇದು ಒಪ್ಪಿಗೆಯಾಗಲಿಲ್ಲ. “ಸುಮ್ನಿರೋ. ದೇಶಗಳಿಗೆ ಬೇಕಿರೋದು ದುಡ್ಡು, ಸೈನ್ಯ. ಹೆಸರು ಕಟ್ಟಿಕೊಂಡು ಏನಾಗಬೇಕು?”

“ಹಾಗಿದ್ದರೆ ಹೆಸರು ಬಿಟ್ಟುಕೊಟ್ಟು 2008ರಲ್ಲೇ ನ್ಯಾಟೋ ಅನ್ನೋ ಸೈನಿಕ ಕೂಟ ಸೇರುತ್ತಿದ್ದರು, ಅಲ್ವಾ? ಗ್ರೀಸ್ ಅಡ್ಡ ನಿಂತಿತು. ಇವರು ಬಗ್ಗಲಿಲ್ಲ. 2011ರಲ್ಲಿ ರಾಜಧಾನಿ ಸ್ಕೋಪ್ಯೆ ನಡುವೆ ಕತ್ತಿ ಹಿಡಿದ ಸವಾರನ ದೊಡ್ಡ ಪ್ರತಿಮೆ ನಿಲ್ಲಿಸಿದರು.”

“ಅಲೆಕ್ಸಾಂಡರಾ?”

“ಶ್! ಸರ್ಕಾರಿ ಲೆಕ್ಕದಲ್ಲಿ ಅವನು ‘ಕುದುರೆ ಮೇಲಿನ ಯೋಧ’.”

ಸೀನನ ಮುಖ ಅರಳಿತು. “ನಮ್ಮಜ್ಜಿ ತಾತನ ಹೆಸರು ಹೇಳದೆ ‘ಅವರು’ ಅಂತಿದ್ದರಲ್ಲ, ಹಾಗೆ!”

“ಭಯ ಇಬ್ಬರಿಗೂ ಇತ್ತು” ಎಂದ ಗೋಪಿ. “ಹೆಸರು ಹೋದರೆ ನಾವು ಯಾರು ಅಂತ ಇವರಿಗೆ. ಹೆಸರು ಹಂಚಿಕೊಂಡರೆ ನಮ್ಮ ಕಥೆ ಯಾರ ಪಾಲಾಗುತ್ತೋ ಅಂತ ಗ್ರೀಸಿಗೆ. ಗಡಿ ಕಾಯಲು ಸೈನ್ಯ ಇದೆ, ಇದನ್ನು ಕಾಯೋರು ಯಾರು? ವಿದ್ವಾಂಸರು ಈ ಭಯಕ್ಕೊಂದು ಹೆಸರಿಟ್ಟಿದ್ದಾರೆ...”

“ಬೇಡಪ್ಪಾ, ಅದಕ್ಕೂ ಒಂದು ಹೆಸರು ಬೇಡ” ಎಂದ ರಾಘು.

“ಸರಿ. 2018ರಲ್ಲಿ ಪ್ರೆಸ್ಪಾ ಸರೋವರದ ದಡದಲ್ಲಿ ಒಪ್ಪಂದವಾಯಿತು. ಮುಂದೆ ‘ಉತ್ತರ’ ಸೇರಿಸಿ, ಉತ್ತರ ಮ್ಯಾಸಿಡೋನಿಯಾ ಆದರು. 2020ರಲ್ಲಿ ನ್ಯಾಟೋ ಸೇರಿದರು.”

“ಒಂದು ಇನಿಷಿಯಲ್‌ನಲ್ಲಿ ಮುಗೀತು ಅನ್ನು!” ಸೀನ ಮೇಜು ಕುಟ್ಟಿದ.

“ಎಲ್ಲಿ ಮುಗೀತು? ಅದೇ ವರ್ಷ ಐರೋಪ್ಯ ಒಕ್ಕೂಟದ ಬಾಗಿಲಲ್ಲಿ ಬಲ್ಗೇರಿಯಾ ತಡೆಯಿತು. ನಿಮ್ಮ ಭಾಷೆ ಬೇರೆಯದಲ್ಲ, ನಮ್ಮದೇ ಭಾಷೆ ಅಂತ.”

ಸೀನ ಮಾತಾಡಲಿಲ್ಲ. ಫೈಲಿನಿಂದ ಬ್ಯಾಂಕ್ ಪಾಸ್‌ಬುಕ್ ತೆಗೆದು ನೋಡಿದ. ಮತ್ತೆ ನೋಡಿದ.

“ಇದರಲ್ಲಿ ‘ಶ್ರೀನಿವಾಸನ್’ ಅಂತಿದೆ ಕಣ್ರೋ.”