ಐರೋಪ್ಯ ಒಕ್ಕೂಟದ ಸಭೆಯಲ್ಲಿ ಕೈ ಎತ್ತುವ ಸಚಿವರಿಗೆ ಅಪ್ಪಣೆ ಕೊಡುವವರು ಯಾರು?

ಪ್ರಶ್ನೆ:
2024ರ ಜೂನ್ 17ರಂದು ಲಕ್ಸೆಂಬರ್ಗ್‌ನಲ್ಲಿ ಸೇರಿದ್ದ ಐರೋಪ್ಯ ಒಕ್ಕೂಟದ ಪರಿಸರ ಸಚಿವರ ಮಂಡಳಿಯಲ್ಲಿ ಆಸ್ಟ್ರಿಯಾದ ಸಚಿವೆ ಲಿಯೊನೋರೆ ಗೆವೆಸ್ಲರ್ ಅವರು, ತಮ್ಮದೇ ಸರ್ಕಾರದ ಚಾನ್ಸಲರ್ ಕಾರ್ಲ್ ನೆಹಾಮರ್ ವಿರೋಧಿಸಿದ್ದರೂ, ನಿಸರ್ಗ ಪುನಶ್ಚೇತನ ಕಾನೂನಿನ ಪರವಾಗಿ ಮತ ಹಾಕಿದರು. ಕಾನೂನು ಅಂಗೀಕಾರವೂ ಆಯಿತು. ನಮ್ಮಲ್ಲಿ ಕೃಷಿ ರಾಜ್ಯಪಟ್ಟಿಯಲ್ಲಿದ್ದರೂ ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದಕ್ಕೆ ಸಹಿ ಹಾಕಿದ್ದು ಕೇಂದ್ರ ಸರ್ಕಾರ. ಅದನ್ನು ಜಾರಿಗೊಳಿಸಲು ಕಾನೂನು ಮಾಡುವ ಅಧಿಕಾರವನ್ನು ಸಂವಿಧಾನದ 253ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಇದನ್ನೇ ಓದಿಕೊಂಡು ಬಂದ ನನಗೆ ಆಸ್ಟ್ರಿಯಾದ ಪ್ರಸಂಗ ಅರ್ಥವಾಗುತ್ತಿಲ್ಲ. ಅಲ್ಲಿ ದೇಶದ ನಿಲುವನ್ನು ತೀರ್ಮಾನಿಸುವವರು ಯಾರು? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ:
ಒಕ್ಕೂಟದ ಒಪ್ಪಂದದ 16ನೇ ವಿಧಿಯ ಪ್ರಕಾರ ಮಂಡಳಿಯಲ್ಲಿ ಕೂರುವ ಸಚಿವ ದರ್ಜೆಯ ಪ್ರತಿನಿಧಿಗೆ ತನ್ನ ಸರ್ಕಾರದ ಪರವಾಗಿ ಮಾತು ಕೊಡುವ ಮತ್ತು ಮತ ಹಾಕುವ ಅಧಿಕಾರವಿದೆ. ಆ ಪ್ರತಿನಿಧಿ ಮನೆಯಲ್ಲಿ ಯಾರನ್ನು ಕೇಳಿ ಬಂದರು, ಯಾರನ್ನು ಕೇಳದೆ ಬಂದರು ಎಂಬುದನ್ನು ಮಂಡಳಿ ವಿಚಾರಿಸುವುದಿಲ್ಲ. ಸಚಿವೆಗೆ ಈ ಅಧಿಕಾರವಿಲ್ಲವೆಂದು ನೆಹಾಮರ್ ಅವರು ಆಗ ಅಧ್ಯಕ್ಷತೆ ವಹಿಸಿದ್ದ ಬೆಲ್ಜಿಯಂಗೆ ಪತ್ರ ಬರೆದರೂ ಮತ ಲೆಕ್ಕಕ್ಕೆ ಬಂದಿತು. ಆಸ್ಟ್ರಿಯಾದಲ್ಲಿ ಸಚಿವರಿಗೆ ಆದೇಶ ಕೊಡುವ ಅಧಿಕಾರ ಚಾನ್ಸಲರ್‌ಗೆ ಇಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ಕಾನೂನು ಗೆಲ್ಲಲು 15 ದೇಶಗಳ ಜೊತೆಗೆ ಒಕ್ಕೂಟದ ಜನಸಂಖ್ಯೆಯ ಶೇ 65ರಷ್ಟು ಬೆಂಬಲ ಬೇಕಿತ್ತು. ಸಿಕ್ಕಿದ್ದು 20 ದೇಶಗಳು ಮತ್ತು ಶೇ 66.07. ಆಸ್ಟ್ರಿಯಾದ ಪಾಲು ಸುಮಾರು ಶೇ 2. ಅವರೊಬ್ಬರು ಕೈ ಎತ್ತದಿದ್ದರೆ ಕಾನೂನು ಬಿದ್ದುಹೋಗುತ್ತಿತ್ತು.

ಮತ್ತೊಂದು ಉತ್ತರ:
ಇಂಥದ್ದು ಇದೇ ಮೊದಲಲ್ಲ. ಮನೆಯೊಂದು ಮೂರು ಬಾಗಿಲು ಎಂಬಂತಿರುವ ಸಮ್ಮಿಶ್ರ ಸರ್ಕಾರಗಳಲ್ಲಿ ಜರ್ಮನಿ ಪಾಲಿಸಿಕೊಂಡು ಬಂದ ನಿಯಮವೆಂದರೆ, ಸಚಿವಾಲಯಗಳ ನಡುವೆ ಒಮ್ಮತ ಬರದಿದ್ದರೆ ತಟಸ್ಥವಾಗಿ ಉಳಿಯುವುದು. ಆದರೆ ಬಹುಮತದ ಲೆಕ್ಕದಲ್ಲಿ ತಟಸ್ಥ ಮತವೂ ವಿರೋಧದ ಮತದಷ್ಟೇ ತೂಗುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. 2017ರ ನವೆಂಬರ್ 27ರಂದು ಗ್ಲೈಫೊಸೇಟ್ ಕಳೆನಾಶಕದ ಪರವಾನಗಿಯನ್ನು 5 ವರ್ಷ ವಿಸ್ತರಿಸುವ ಪ್ರಸ್ತಾಪ ಬಂದಾಗ, ಪರಿಸರ ಸಚಿವೆ ಬಾರ್ಬರಾ ಹೆಂಡ್ರಿಕ್ಸ್ ಒಪ್ಪಿರಲಿಲ್ಲವಾದ್ದರಿಂದ ಜರ್ಮನಿ ತಟಸ್ಥವಾಗಿರಬೇಕಿತ್ತು. ಕೃಷಿ ಸಚಿವ ಕ್ರಿಶ್ಚಿಯನ್ ಸ್ಮಿಟ್ ಪರವಾಗಿ ಮತ ಹಾಕಿಸಿದರು. ಅದು ಸರ್ಕಾರದೊಳಗಿನ ನಿಯಮಕ್ಕೆ ಹೊಂದುವುದಿಲ್ಲವೆಂದು ಆಗಿನ ಚಾನ್ಸಲರ್ ಮರ್ಕೆಲ್ ಬಹಿರಂಗವಾಗಿಯೇ ಹೇಳಿದರು. ಪರವಾನಗಿ ಮಾತ್ರ ವಿಸ್ತರಣೆಯಾಯಿತು. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಯಾವ ದೇಶದಲ್ಲೂ ಗಟ್ಟಿಯಾದ ಮದ್ದಿಲ್ಲ.

ಮೂರನೆಯ ಉತ್ತರ:
ಮೇಲಿನವರ ಕೊನೆಯ ಮಾತನ್ನು ನಾನು ಒಪ್ಪಲಾರೆ. ಡೆನ್ಮಾರ್ಕ್ 1973ರಲ್ಲಿ ಒಕ್ಕೂಟವನ್ನು ಸೇರಿದ ವರ್ಷದಿಂದಲೇ ಸಚಿವರನ್ನು ಸಂಸತ್ತಿನ ಸಮಿತಿಯ ಮುಂದೆ ನಿಲ್ಲಿಸುತ್ತ ಬಂದಿದೆ. ಮಂಡಳಿಯ ಸಭೆಗೆ ಮುಂಚಿನ ಶುಕ್ರವಾರ ಸಚಿವರು 17 ಸದಸ್ಯರ ಐರೋಪ್ಯ ವ್ಯವಹಾರ ಸಮಿತಿಗೆ ಬಂದು, ತಾವು ಹಿಡಿಯಲಿರುವ ಪಟ್ಟನ್ನು ಬಾಯಿಮಾತಿನಲ್ಲಿ ಮಂಡಿಸುತ್ತಾರೆ. ಅಧ್ಯಕ್ಷರು ತಲೆ ಎಣಿಸುವುದಿಲ್ಲ. ವಿರೋಧಿಸಿದ ಪಕ್ಷಗಳಿಗೆ ಸಂಸತ್ತಿನಲ್ಲಿ ಎಷ್ಟು ಸ್ಥಾನಗಳಿವೆ ಎಂದು ಕೂಡಿಸುತ್ತಾರೆ. 179 ಸ್ಥಾನಗಳಲ್ಲಿ 90 ವಿರುದ್ಧ ಬೀಳದಿದ್ದರೆ ಅಪ್ಪಣೆ ಸಿಕ್ಕಂತೆ, ಅಂದರೆ ಅಲ್ಲಿ ಮೌನವೂ ಸಮ್ಮತಿಯೇ. ಸಂಧಾನದ ನಡುವೆ ನಿಲುವು ಗಣನೀಯವಾಗಿ ಬದಲಾದರೆ ಸಚಿವರು ಮತ್ತೆ ಸಮಿತಿಯನ್ನೇ ಕೇಳಬೇಕು. ಅಲ್ಪಮತದ ಸರ್ಕಾರಗಳೇ ಹೆಚ್ಚಾಗಿರುವ ದೇಶದಲ್ಲಿ ಇದು ಸಚಿವರಿಗೂ ರಕ್ಷಣೆ.

ಫ್ರಾನ್ಸ್‌ನ ದಾರಿ ಬೇರೆ. ಮಾರ್ಷಲ್ ಯೋಜನೆಯ ನೆರವನ್ನು ನಿರ್ವಹಿಸಲು 1948ರಲ್ಲಿ ಹುಟ್ಟಿ, 2005ರಲ್ಲಿ ಹೆಸರು ಬದಲಿಸಿಕೊಂಡ ಕಾರ್ಯಾಲಯವೊಂದು ಪ್ರಧಾನಿಯ ಕೈಕೆಳಗಿದೆ. ಸಚಿವಾಲಯಗಳ ಜಗಳವನ್ನು ಅಲ್ಲಿಯೇ ಬಗೆಹರಿಸಿ, ಬ್ರಸೆಲ್ಸ್‌ನ ಕಾಯಂ ಪ್ರತಿನಿಧಿಗೆ ಒಂದೇ ಬಾಯಿಯ ಸೂಚನೆ ಕಳುಹಿಸುತ್ತಾರೆ. ಸಚಿವರು ಕೂರುವ ಹೊತ್ತಿಗೆ ಹೆಚ್ಚಿನ ವಿಷಯಗಳನ್ನು ರಾಯಭಾರಿಗಳೇ ಇತ್ಯರ್ಥ ಮಾಡಿರುವುದರಿಂದ, ನಿಜವಾದ ಹಿಡಿತವಿರುವುದು ಈ ಸೂಚನೆಯಲ್ಲಿ.

ಪ್ರಶ್ನೆ ಕೇಳಿದವರು:
ಮೂವರಿಗೂ ಧನ್ಯವಾದಗಳು. ಡೆನ್ಮಾರ್ಕ್‌ನಲ್ಲಿ ಸಂಸತ್ತು, ಫ್ರಾನ್ಸ್‌ನಲ್ಲಿ ಪ್ರಧಾನಿ, ಹೀಗೆ ಮೇಲೊಬ್ಬರಿದ್ದಾರೆ. ಕೇಂದ್ರ, ಪ್ರಾಂತ್ಯ ಎಂದು ಯಾರೂ ಯಾರಿಗೂ ಮೇಲಲ್ಲದ ದೇಶದಲ್ಲಿ ಏನು ಮಾಡುತ್ತಾರೆ?

ಮೂರನೆಯ ಉತ್ತರ ಕೊಟ್ಟವರು:
ಅದಕ್ಕೆ ಬೆಲ್ಜಿಯಂ ನೋಡಿ. 1994ರ ಸಹಕಾರ ಒಪ್ಪಂದದಂತೆ, ವಿಷಯಕ್ಕೆ ಅನುಗುಣವಾಗಿ ಅಲ್ಲಿನ ಕೇಂದ್ರ ಸರ್ಕಾರದವರೋ ಪ್ರಾಂತ್ಯದವರೋ ಮಂಡಳಿಯಲ್ಲಿ ಕೂರುತ್ತಾರೆ. ವಿದೇಶಾಂಗ ಸಚಿವಾಲಯದ ಸಮನ್ವಯ ಸಭೆಯಲ್ಲಿ ಎಲ್ಲರೂ ಒಪ್ಪಿದರೆ ಮಾತ್ರ ನಿಲುವು. ಒಬ್ಬರು ಒಪ್ಪದಿದ್ದರೂ ದೇಶ ತಟಸ್ಥ. ನೀವು ಹೇಳಿದ ಆ ಜೂನ್ 17ರ ಸಭೆಯ ಅಧ್ಯಕ್ಷ ಪೀಠದಲ್ಲಿದ್ದವರು ಬ್ರಸೆಲ್ಸ್ ಪ್ರಾಂತ್ಯದ ಸಚಿವ ಅಲೈನ್ ಮರಾನ್. ಗೆವೆಸ್ಲರ್ ಅವರ ಮತವನ್ನು ಎಣಿಕೆಗೆ ತೆಗೆದುಕೊಂಡ ಮರಾನ್ ಅವರ ಸ್ವಂತ ದೇಶ ಅಂದು ತಟಸ್ಥವಾಗಿತ್ತು.