‘ಅಂಚಿನ ಒತ್ತಡ’ ಎಂದರೆ ಸರಿಹೋದೀತೇ?

ಎಲ್ಲರಿಗೂ ನಮಸ್ಕಾರ.

ಕಾರ್ಬನ್ ಫೈಬರ್ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡುವ ಹಲಗೆಗಳು ಎಷ್ಟು ಬಲ ತಾಳುತ್ತವೆ ಎಂಬ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಫ್ರೀ ಎಡ್ಜ್ ಸ್ಟ್ರೆಸ್’ ಎಂಬಲ್ಲಿಗೆ ಬಂದು ನಿಂತಿದ್ದೇನೆ. ‘ಅಂಚಿನ ಒತ್ತಡ’ ಎಂದು ಬರೆದರೆ ಯಾರೋ ಅಂಚನ್ನು ಹೊರಗಿನಿಂದ ಒತ್ತುತ್ತಿದ್ದಾರೆ ಅನ್ನಿಸುತ್ತದೆ. ಅಲ್ಲಿ ಆಗುವುದೇ ಬೇರೆ.

ಹಲಗೆಯನ್ನು ಉದ್ದಕ್ಕೆ ಎಳೆದರೆ ಅದು ಅಡ್ಡಕ್ಕೆ ಕುಗ್ಗುತ್ತದೆ. ನಾರುಗಳು ಎಳೆಯುವ ದಿಕ್ಕಿಗೆ ಆಚೀಚೆ 30 ಡಿಗ್ರಿ ಓರೆಯಾಗಿರುವ ಪದರಗಳ ಜೋಡಿ ಬಹಳ ಕುಗ್ಗಲು ನೋಡುತ್ತದೆ. ನಾರುಗಳು ಪೂರಾ ಅಡ್ಡಕ್ಕಿರುವ 90 ಡಿಗ್ರಿಯ ಪದರ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಅಂಟಿಕೊಂಡಿರುವುದರಿಂದ ಒಂದು ಇನ್ನೊಂದನ್ನು ಬಿಡುವುದೂ ಇಲ್ಲ. ನಡುಭಾಗದಲ್ಲಿ ಈ ಎಳೆದಾಟ ಆಯಾ ಪದರದೊಳಗೇ ಸರಿದೂಗುತ್ತದೆ. ಅಂಚಿನಲ್ಲಿ ಪದರವೇ ಮುಗಿಯುವುದರಿಂದ ಆಚೆಯಿಂದ ಹಿಡಿಯುವುದು ಏನೂ ಇಲ್ಲ, ಭಾರ ನಡುವಿನ ಅಂಟಿನ ಮೇಲೆ ಬೀಳುತ್ತದೆ. ಅಂಟನ್ನು ಬಿಚ್ಚುವ ಬಲ, ಜಾರಿಸುವ ಬಲ ಎರಡೂ ಹುಟ್ಟುವುದು ಇಲ್ಲೇ. 2 ಮಿಲಿಮೀಟರ್ ದಪ್ಪದ ಹಲಗೆಯಾದರೆ ಅಂಚಿನಿಂದ ಒಳಕ್ಕೆ ಸುಮಾರು ಅಷ್ಟೇ ದೂರ ಇದರ ಕಾರುಬಾರು. ಬೋಲ್ಟಿಗೆ ಕೊರೆದ ತೂತಿನ ಸುತ್ತಲೂ ಹೀಗೆಯೇ.

1970ರಲ್ಲಿ ಪೈಪ್ಸ್ ಮತ್ತು ಪಗಾನೊ ಎಂಬ ಸಂಶೋಧಕರು ಇದನ್ನು ಲೆಕ್ಕ ಹಾಕಿ ತೋರಿಸಿದರು. ಮರುವರ್ಷ ಅವರು ಎತ್ತಿಕೊಂಡದ್ದು ಪದರಗಳ ಸರದಿಯನ್ನು. ನನಗೆ ತೀರಾ ಮುಖ್ಯ ಅನ್ನಿಸುವುದು ಅದೇ: ಅವೇ ಪದರಗಳು, ಅಷ್ಟೇ ಸಂಖ್ಯೆ, ಜೋಡಿಸಿದ ಸರದಿ ಮಾತ್ರ ಬೇರೆ. ಒಂದು ಹಲಗೆಯ ಅಂಚಿನಲ್ಲಿ ಪದರಗಳು ಬಿಚ್ಚಿಕೊಳ್ಳಲು ಹವಣಿಸುತ್ತವೆ, ಇನ್ನೊಂದರಲ್ಲಿ ಅದುಮಿಕೊಳ್ಳುತ್ತವೆ. ಮೊದಲನೆಯದು ಬೇಗ ಸೋಲಬಹುದು. ಅದಕ್ಕೆ ‘ಬಿಚ್ಚುವ ಒತ್ತಡ’ ಎಂದು ಹೇಗೆ ಬರೆಯಲಿ? ‘ಪೀಡನ’ ಎಂದರೆ ಎರಡಕ್ಕೂ ಹೊಂದುತ್ತದೆ, ಆದರೆ ಪಠ್ಯಪುಸ್ತಕದಾಚೆ ಆ ಪದ ಕಾಟ ಎಂಬರ್ಥವನ್ನೇ ತರುತ್ತದೆ. ‘ಬಿಡಿ ಅಂಚಿನ ಬಿಗುವು’ ಎಂಬುದರತ್ತ ಮನಸ್ಸು ವಾಲಿದೆ. ಅದುಮುವುದನ್ನೂ ‘ಬಿಗುವು’ ಅನ್ನಬಹುದೇ?

ಇನ್ನೊಂದು, ‘ಡೀಲ್ಯಾಮಿನೇಶನ್’, ಅಂದರೆ ಅಂಟಿದ ಪದರಗಳು ಒಂದನ್ನೊಂದು ಬಿಟ್ಟುಕೊಳ್ಳುವುದು. ಗೆಳೆಯರೊಬ್ಬರು ‘ಹಕ್ಕಳೆ ಏಳುವುದು’ ಅಂದರು. ಸೊಗಸಾದ ಮಾತು, ಆದರೆ ಹಕ್ಕಳೆ ಏಳುವುದು ಮೇಲ್ಮೈಯಿಂದ. ಇಲ್ಲಿ ಮೇಲ್ಮೈ ನುಣುಪಾಗಿಯೇ ಇದ್ದು, ಹಲಗೆಯನ್ನು ಬದಿಯಿಂದ ನೋಡಿದರೆ ಮಾತ್ರ ಕೂದಲೆಳೆಯಂಥ ಗೆರೆ ಕಾಣುತ್ತದೆ. ‘ಪದರಬಿರುಕು’ ಎಂದರೆ ಪದರವೇ ಅಡ್ಡಕ್ಕೆ ಬಿರಿದಂತೆ. ಅದು ಬೇರೆ ಬಗೆಯ ಹಾನಿ, ಎಷ್ಟೋ ಸಲ ಇದಕ್ಕಿಂತ ಮೊದಲೇ ಕಾಣಿಸಿಕೊಳ್ಳುತ್ತದೆ. ಸದ್ಯಕ್ಕೆ ‘ಪದರ ಬಿಡುವುದು’ ಎಂದು ಬರೆದಿದ್ದೇನೆ.

ಪಾಠ ಹೇಳುವವರು, ವರ್ಕ್‌ಶಾಪಿನಲ್ಲಿ ಇವನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುವವರು ಏನೆನ್ನುತ್ತೀರಿ? ಬಾಯಲ್ಲಿ ಆಡುವ ಮಾತಾದರೆ ಇನ್ನೂ ಒಳ್ಳೆಯದು.