ಬೆಳಗ್ಗೆ ತೆಗೆದ ರಕ್ತವನ್ನು ಸಂಜೆ ಪರೀಕ್ಷಿಸಿದರೆ ಪೊಟ್ಯಾಸಿಯಂ ಹೆಚ್ಚಾಗಿ, ಸಕ್ಕರೆ ಕಡಿಮೆಯಾಗಿ ಬರುವುದುಂಟೇ?

ಪ್ರಶ್ನೆ: ಮಲೆನಾಡಿಗ

ಎಲ್ಲರಿಗೂ ನಮಸ್ಕಾರ. ನಾವು ಸಾಗರ ತಾಲ್ಲೂಕಿನವರು. ನನ್ನ ತಾಯಿಗೆ 67 ವರ್ಷ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇದ್ದು, ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಕಳೆದ ವಾರ ಪೇಟೆಯ ಒಂದು ಕಲೆಕ್ಷನ್ ಸೆಂಟರಿನವರು ಬೆಳಗ್ಗೆ 6.45ಕ್ಕೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ಅಮ್ಮನ ಕೈಯಲ್ಲಿ ರಕ್ತನಾಳ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ರಬ್ಬರ್ ಪಟ್ಟಿಯನ್ನು ಬಿಗಿಯಾಗಿ ಕಟ್ಟಿ, ಮುಷ್ಟಿಯನ್ನು ಮತ್ತೆ ಮತ್ತೆ ಮಡಚಿ ಬಿಚ್ಚುವಂತೆ ಹೇಳಿ, ಸಾಕಷ್ಟು ಹೊತ್ತು ಹುಡುಕಿದ ಮೇಲೆ ರಕ್ತ ಬಂತು. ಎಲ್ಲವನ್ನೂ ಹಳದಿ ಮುಚ್ಚಳದ ಒಂದೇ ಕೊಳವೆಗೆ ತುಂಬಿದರು.

ವರದಿಯಲ್ಲಿ ಪೊಟ್ಯಾಸಿಯಂ 6.1, ಖಾಲಿ ಹೊಟ್ಟೆಯ ಸಕ್ಕರೆ 84, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ 0.9, ಕ್ಯಾಲ್ಸಿಯಂ 9.4 ಎಂದಿತ್ತು. ಅದೇ ಬೆಳಗ್ಗೆ ಮನೆಯ ಗ್ಲೂಕೋಮೀಟರ್ 118 ತೋರಿಸಿತ್ತು. ಪೊಟ್ಯಾಸಿಯಂ ನೋಡಿ ನಮ್ಮ ವೈದ್ಯರು ತಕ್ಷಣ ಇಸಿಜಿ ಮಾಡಿಸಿದರು, ಅದು ಸರಿಯಾಗಿತ್ತು. ಮರುದಿನ ಆಸ್ಪತ್ರೆಯಲ್ಲೇ ರಕ್ತ ಕೊಟ್ಟಾಗ ಪೊಟ್ಯಾಸಿಯಂ 4.6 ಬಂತು. ಮೊದಲಿನ ಲ್ಯಾಬಿನವರನ್ನು ಕೇಳಿದರೆ, ಅದೇ ಮಾದರಿಯನ್ನು ಎರಡು ಸಲ ಯಂತ್ರಕ್ಕೆ ಹಾಕಿ ಖಚಿತಪಡಿಸಿಕೊಂಡಿದ್ದೇವೆ, ಯಂತ್ರದಲ್ಲಿ ದೋಷವಿಲ್ಲ ಎನ್ನುತ್ತಾರೆ. ವರದಿಯ ಮೇಲ್ಭಾಗದಲ್ಲಿ ಮಾದರಿ ತಲುಪಿದ ಸಮಯ ಸಂಜೆ 4.20 ಎಂದು ಮುದ್ರಿತವಾಗಿದೆ. ಅದು ಐಸ್ ಪೆಟ್ಟಿಗೆಯಲ್ಲಿ ಬಸ್ಸಿನ ಮೂಲಕ ಶಿವಮೊಗ್ಗಕ್ಕೆ ಹೋಗುತ್ತದೆಯಂತೆ. ಪೊಟ್ಯಾಸಿಯಂ ಹೆಚ್ಚಿರುತ್ತದೆಂದು ಎಳನೀರು, ಬಾಳೆಹಣ್ಣು ಎರಡನ್ನೂ ಅಮ್ಮ ಬಿಟ್ಟಿದ್ದಾರೆ. ಯಾವ ವರದಿಯನ್ನು ನಂಬಬೇಕು?

ಉತ್ತರ: ಜೀವರಸಾಯನ ಬೋಧಕ

ನೀವು ರಕ್ತ ತೆಗೆದ ಸಮಯವನ್ನೂ ಲ್ಯಾಬಿಗೆ ತಲುಪಿದ ಸಮಯವನ್ನೂ ಬರೆದಿರುವುದು ಬಹಳ ಉಪಯುಕ್ತವಾಯಿತು. ಹೆಚ್ಚಿನವರು ವರದಿಯಲ್ಲಿ ಆ ಸಾಲನ್ನು ಓದುವುದೇ ಇಲ್ಲ.

ದೇಹದಿಂದ ಹೊರಬಂದ ಮೇಲೂ ರಕ್ತಕಣಗಳು ಜೀವಂತವಾಗಿಯೇ ಇರುತ್ತವೆ ಮತ್ತು ತಮ್ಮ ಸುತ್ತಲಿನ ಸಕ್ಕರೆಯನ್ನು ಬಳಸುತ್ತಲೇ ಹೋಗುತ್ತವೆ. ಕೋಣೆಯ ಉಷ್ಣತೆಯಲ್ಲಿ, ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಾದ ದ್ರವ) ಬೇರ್ಪಡಿಸದೆ ಇಟ್ಟ ರಕ್ತದಲ್ಲಿ ಗ್ಲೂಕೋಸ್ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಇಳಿಯುತ್ತದೆ. ಐದು ಗಂಟೆ ಹಾಗೆಯೇ ಇದ್ದರೆ 118 ಇದ್ದದ್ದು 84ರ ಆಸುಪಾಸಿಗೆ ಬರುವುದರಲ್ಲಿ ಆಶ್ಚರ್ಯವಿಲ್ಲ.

ಪೊಟ್ಯಾಸಿಯಂ ವಿಷಯ ಇದಕ್ಕೆ ವಿರುದ್ಧ ದಿಕ್ಕಿನದು. ಸೀರಮ್‌ನಲ್ಲಿ ಲೀಟರಿಗೆ 4 ಮಿಲಿಮೋಲ್‌ನಷ್ಟು ಪೊಟ್ಯಾಸಿಯಂ ಇದ್ದರೆ ಕೆಂಪು ರಕ್ತಕಣದ ಒಳಗೆ ಅದರ 20 ಪಟ್ಟಿಗೂ ಹೆಚ್ಚು ಇರುತ್ತದೆ. ಕಣದ ಗೋಡೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪ್ ಸದಾ ಕೆಲಸ ಮಾಡುತ್ತಿರುವುದರಿಂದ ಮಾತ್ರ ಈ ಅಂತರ ಉಳಿಯುತ್ತದೆ. ಬೇರ್ಪಡಿಸದ ರಕ್ತವನ್ನು ತಣ್ಣಗಿಟ್ಟರೆ ಆ ಪಂಪ್ ಹೆಚ್ಚುಕಡಿಮೆ ನಿಂತುಹೋಗಿ ಪೊಟ್ಯಾಸಿಯಂ ಮೆಲ್ಲಗೆ ಹೊರಗೆ ಸೋರುತ್ತದೆ. ಕೆಡದಿರಲಿ ಎಂದು ಐಸ್ ಪೆಟ್ಟಿಗೆಯಲ್ಲಿಟ್ಟ ಎಚ್ಚರಿಕೆಯೇ ಈ ಒಂದು ಪರೀಕ್ಷೆಗೆ ಮುಳುವಾಗುತ್ತದೆ. ಕಣಗಳು ಒಡೆದರೆ ಸೀರಮ್ ಕೆಂಪಗಾಗುತ್ತದೆ, ಈಗಿನ ಯಂತ್ರಗಳು ಆ ಬಣ್ಣವನ್ನು ಅಳೆದು ಎಚ್ಚರಿಸುತ್ತವೆ. ಆದರೆ ತಂಪಿನಿಂದ ಆಗುವ ಸೋರಿಕೆಯಲ್ಲಿ ಕಣಗಳು ಒಡೆದಿರುವುದೇ ಇಲ್ಲ. ಸೀರಮ್ ತಿಳಿಯಾಗಿಯೇ ಇರುತ್ತದೆ, ಯಂತ್ರಕ್ಕೆ ಅನುಮಾನ ಹುಟ್ಟುವುದಿಲ್ಲ.

ಆದ್ದರಿಂದ ಯಂತ್ರ ಸರಿಯಿದೆ ಎಂಬ ಲ್ಯಾಬಿನವರ ಮಾತು ನಿಜವೇ ಇರಬಹುದು. ಕೊಳವೆಯಲ್ಲಿ ಆ ಹೊತ್ತಿಗೆ 6.1 ಇದ್ದಿರಬಹುದು. ಅದೇ ಕೊಳವೆಯನ್ನು ಹತ್ತು ಸಲ ಪರೀಕ್ಷಿಸಿದರೂ ಅಷ್ಟೇ ಬರುತ್ತದೆ. ಬೆಳಗ್ಗೆ ನಿಮ್ಮ ತಾಯಿಯವರ ರಕ್ತದಲ್ಲಿ ಎಷ್ಟಿತ್ತು ಎಂಬುದು ಅದರಿಂದ ತಿಳಿಯುವುದಿಲ್ಲ. ಸಕ್ಕರೆ ಅನಿರೀಕ್ಷಿತವಾಗಿ ಕಡಿಮೆ, ಪೊಟ್ಯಾಸಿಯಂ ಅನಿರೀಕ್ಷಿತವಾಗಿ ಹೆಚ್ಚು, ಕ್ರಿಯಾಟಿನಿನ್ ಮಾತ್ರ ಸರಿಯಾಗಿದೆ: ಈ ಮೂರೂ ಒಟ್ಟಿಗೆ ಕಂಡಾಗ ನಾನು ಮೊದಲು ಅನುಮಾನಿಸುವುದು ಬೇರ್ಪಡಿಸಲು ತಡವಾದ ಮಾದರಿಯನ್ನು.

ಉತ್ತರ: ಲ್ಯಾಬ್ ತಂತ್ರಜ್ಞೆ, ಮೈಸೂರು

ಮೇಲಿನವರ ವಿವರಣೆಯನ್ನು ಒಪ್ಪುತ್ತೇನೆ. ಆದರೆ ರಕ್ತ ತೆಗೆದ ರೀತಿಯನ್ನೂ ಬಿಡುವಂತಿಲ್ಲ. ಪಟ್ಟಿ ಕಟ್ಟಿದ ಕೈಯಲ್ಲಿ ಮುಷ್ಟಿಯನ್ನು ಪದೇಪದೇ ಬಿಗಿದರೆ ಮುಂಗೈಯ ಸ್ನಾಯುಗಳಿಂದ ಪೊಟ್ಯಾಸಿಯಂ ಹೊರಬಂದು ಅಲ್ಲಿನ ರಕ್ತಕ್ಕೆ ಸೇರುತ್ತದೆ. ಇದೊಂದರಿಂದಲೇ ಲೀಟರಿಗೆ 1 ಮಿಲಿಮೋಲ್‌ನಷ್ಟು ಏರಿಕೆಯಾಗುವುದುಂಟು. ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಡಬಾರದೆಂದು ನಮಗೆ ಕಲಿಸುವುದು ಕೂಡ ಸುಮ್ಮನೆ ಅಲ್ಲ: ನೀರಿನಂಶ ರಕ್ತನಾಳದಿಂದ ಹೊರಹೋಗಿ ಪ್ರೋಟೀನ್ ಮತ್ತು ಅದಕ್ಕೆ ಅಂಟಿಕೊಂಡಿರುವ ಕ್ಯಾಲ್ಸಿಯಂ ಮುಂತಾದವು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತವೆ. ಸಿರಿಂಜಿನಲ್ಲಿ ತೆಗೆದ ರಕ್ತವನ್ನು ಸಣ್ಣ ಸೂಜಿಯ ಮೂಲಕವೇ ಒತ್ತಿ ಕೊಳವೆಗೆ ಹಾಯಿಸುವವರಿದ್ದಾರೆ. ಆಗ ಕಣಗಳು ಒಡೆಯುತ್ತವೆ.

ಇನ್ನೊಂದು ಸಾಧ್ಯತೆಯನ್ನು ನಿಮ್ಮ ವರದಿಯೇ ತಳ್ಳಿಹಾಕುತ್ತದೆ. ನೇರಳೆ ಮುಚ್ಚಳದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಇಡಿಟಿಎ ಎಂಬ ರಾಸಾಯನಿಕ ಪೊಟ್ಯಾಸಿಯಂ ಲವಣವಾಗಿರುತ್ತದೆ. ಅದರಲ್ಲಿನ ರಕ್ತ ಹಳದಿ ಮುಚ್ಚಳದ ಕೊಳವೆಗೆ ಬೆರೆತರೆ ಪೊಟ್ಯಾಸಿಯಂ ಏರುತ್ತದೆ, ಜೊತೆಗೆ ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಕ್ಯಾಲ್ಸಿಯಂ ತೀರಾ ಕೆಳಗಿಳಿಯುತ್ತದೆ. ನಿಮ್ಮಲ್ಲಿ ಕ್ಯಾಲ್ಸಿಯಂ 9.4 ಇದೆ, ಅಂಥ ಬೆರಕೆ ನಡೆದಂತಿಲ್ಲ.

ಸಕ್ಕರೆ ಪರೀಕ್ಷೆಗೆ ಬೂದು ಮುಚ್ಚಳದ ಫ್ಲೋರೈಡ್ ಕೊಳವೆ ಬೇಕಿತ್ತು. ಆ ಕೊಳವೆಗೂ ಒಂದು ಮಿತಿಯಿದೆ: ಫ್ಲೋರೈಡ್ ತಡೆಯುವುದು ಗ್ಲೂಕೋಸ್ ಒಡೆಯುವ ಸರಣಿಯ ಕೊನೆಯ ಹಂತಗಳಲ್ಲೊಂದನ್ನು, ಹಾಗಾಗಿ ಮೊದಲ ಒಂದೆರಡು ಗಂಟೆ ಇಳಿಕೆ ಮುಂದುವರಿದೇ ಇರುತ್ತದೆ. ಆಮೇಲೆ ಮಟ್ಟ ಸ್ಥಿರವಾಗುತ್ತದೆ. ಸಾದಾ ಕೊಳವೆಯಲ್ಲಿ ಒಂಬತ್ತೂವರೆ ಗಂಟೆ ಇಡುವುದಕ್ಕೆ ಹೋಲಿಸಿದರೆ ಅದು ಎಷ್ಟೋ ಮೇಲು.

ಉತ್ತರ: ತಾಲ್ಲೂಕು ವೈದ್ಯ

ಇಲ್ಲಿ ಓದುವವರು ಒಂದು ವಿಷಯವನ್ನು ತಪ್ಪಾಗಿ ಭಾವಿಸಬಾರದು ಎಂಬ ಕಾಳಜಿಯಿಂದ ಬರೆಯುತ್ತಿದ್ದೇನೆ. ಟೆಲ್ಮಿಸಾರ್ಟನ್‌ನಂಥ ಮಾತ್ರೆಗಳು ನಿಜವಾಗಿಯೂ ಪೊಟ್ಯಾಸಿಯಂ ಏರಿಸುತ್ತವೆ; ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ದುರ್ಬಲಗೊಂಡವರಲ್ಲಿ ಇನ್ನೂ ಹೆಚ್ಚು. ಏರಿದ ಪೊಟ್ಯಾಸಿಯಂ ಹೃದಯದ ಬಡಿತವನ್ನು ಕೆಡಿಸಿ ಜೀವಕ್ಕೇ ಅಪಾಯ ತರಬಲ್ಲದು. ಆದ್ದರಿಂದ 6ಕ್ಕಿಂತ ಹೆಚ್ಚಿನ ಅಂಕಿಯನ್ನು ಕಂಡು ‘ಮಾದರಿ ಕೆಟ್ಟಿರಬೇಕು’ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸುವುದು ಸರ್ವಥಾ ಸಲ್ಲದು. ಇಸಿಜಿ ಸಹಜವಾಗಿದ್ದರೂ ಪೊಟ್ಯಾಸಿಯಂ ಏರಿರುವ ರೋಗಿಗಳಿರುತ್ತಾರೆ, ಹೀಗಾಗಿ ಬರೀ ಇಸಿಜಿಯನ್ನು ನಂಬಿ ನಿಲ್ಲಲಾಗದು. ತಕ್ಷಣ ಲ್ಯಾಬ್ ಇರುವ ಆಸ್ಪತ್ರೆಗೇ ಹೋಗಿ, ಮುಷ್ಟಿ ಬಿಗಿಯದೆ ರಕ್ತ ಕೊಟ್ಟು, ಅಲ್ಲೇ ಬೇಗನೆ ಪರೀಕ್ಷೆ ಮಾಡಿಸಬೇಕು. ಸಾಧ್ಯವಿದ್ದರೆ ಅದೇ ದಿನ. ನಿಮ್ಮಲ್ಲಿ ಅದು ಮರುದಿನವಾದರೂ ನಡೆಯಿತು.

ನಿಮ್ಮ ಪ್ರಶ್ನೆಗೆ ನೇರ ಉತ್ತರ: 4.6 ಅನ್ನು ನಂಬಬಹುದು ಎಂದು ನನ್ನ ಅಭಿಪ್ರಾಯ. ಮೊದಲ ವರದಿಯನ್ನು ನೋಡಿ ಮಾತ್ರೆಯನ್ನು ನಿಲ್ಲಿಸಿದ್ದರೆ ಅಥವಾ ಎಳನೀರಿನಂಥದ್ದನ್ನು ಬಿಟ್ಟಿದ್ದರೆ, ಎರಡೂ ವರದಿಗಳೊಂದಿಗೆ ನಿಮ್ಮ ವೈದ್ಯರನ್ನೇ ಕಂಡು ಮತ್ತೆ ನಿರ್ಧರಿಸಿ. 84ರ ಸಕ್ಕರೆಯನ್ನು ನಂಬಿ ಮಧುಮೇಹದ ಔಷಧಿಯನ್ನು ಕಡಿಮೆ ಮಾಡಿಸಿಕೊಳ್ಳಬೇಡಿ. ಪೊಟ್ಯಾಸಿಯಂನ ಗಲಾಟೆಯಲ್ಲಿ ಈ ಅಂಕಿ ಯಾರ ಕಣ್ಣಿಗೂ ಬೀಳದೆ ಹೋಗುವ ಸಂಭವವೇ ಹೆಚ್ಚು.

ಮಲೆನಾಡಿಗ

ಮೂವರಿಗೂ ಕೃತಜ್ಞತೆಗಳು. ಮಾತ್ರೆ ನಿಲ್ಲಿಸಿಲ್ಲ, ಎರಡೂ ವರದಿಗಳೊಂದಿಗೆ ವೈದ್ಯರನ್ನು ಕಾಣುತ್ತೇವೆ. ಅಮ್ಮನಿಗೆ ಪ್ರತಿ ಸಲ ಶಿವಮೊಗ್ಗದವರೆಗೆ ಪ್ರಯಾಣ ಮಾಡುವುದು ಕಷ್ಟ. ಹತ್ತಿರದ ಕಲೆಕ್ಷನ್ ಸೆಂಟರಿನಲ್ಲೇ ಕೊಡಬಹುದಾದ ಪರೀಕ್ಷೆಗಳು ಯಾವುವು?

ಲ್ಯಾಬ್ ತಂತ್ರಜ್ಞೆ, ಮೈಸೂರು

ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಧೈರ್ಯವಾಗಿ ಅಲ್ಲೇ ಕೊಡಿ. ಅದು ನೇರಳೆ ಮುಚ್ಚಳದ ಕೊಳವೆಯಲ್ಲಿ, ತಂಪಿನಲ್ಲಿ ಕೆಲವು ದಿನಗಳವರೆಗೂ ಕೆಡುವುದಿಲ್ಲ, ಏಕೆಂದರೆ ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಸಕ್ಕರೆಯನ್ನು ರಕ್ತಕಣಗಳು ಬಳಸಿಬಿಡಲಾರವು. ಹಿಮೋಗ್ಲೋಬಿನ್ ಪರೀಕ್ಷೆಗೂ ಅದೇ ದಿನದ ಪ್ರಯಾಣದಿಂದ ತೊಂದರೆಯಿಲ್ಲ.

ಪೊಟ್ಯಾಸಿಯಂಗಾಗಿ ಸೆಂಟರಿನವರಿಗೆ ಒಂದೇ ಪ್ರಶ್ನೆ ಕೇಳಿ: ನಿಮ್ಮಲ್ಲಿ ಸೆಂಟ್ರಿಫ್ಯೂಜ್ (ಕೊಳವೆಯನ್ನು ವೇಗವಾಗಿ ತಿರುಗಿಸಿ ಸೀರಮ್ ಬೇರ್ಪಡಿಸುವ ಯಂತ್ರ) ಇದೆಯೇ? ಇದ್ದರೆ, ರಕ್ತ ಹೆಪ್ಪುಗಟ್ಟಲು ಅರ್ಧ ಗಂಟೆ ಬಿಟ್ಟು, ಎರಡು ಗಂಟೆಯೊಳಗೆ ಅಲ್ಲೇ ತಿರುಗಿಸಿ ಕಳುಹಿಸಲು ಹೇಳಿ. ಹಳದಿ ಮುಚ್ಚಳದ ಕೊಳವೆಯ ತಳದಲ್ಲಿರುವ ಜೆಲ್, ತಿರುಗಿಸಿದಾಗ ಮೇಲೆದ್ದು ಸೀರಮ್‌ಗೂ ಕಣಗಳಿಗೂ ನಡುವೆ ಪದರವಾಗಿ ನಿಲ್ಲುತ್ತದೆ. ಆಮೇಲೆ ಐಸ್ ಪೆಟ್ಟಿಗೆಯಲ್ಲಿಟ್ಟರೂ ಬಾಧಕವಿಲ್ಲ. ತಿರುಗಿಸದಿದ್ದರೆ ಆ ಜೆಲ್ ತಳದಲ್ಲೇ ಇರುತ್ತದೆ, ಯಾವ ಪ್ರಯೋಜನಕ್ಕೂ ಬಾರದು. ಸೆಂಟ್ರಿಫ್ಯೂಜ್ ಇಲ್ಲವೆಂದರೆ ಪೊಟ್ಯಾಸಿಯಂ ಒಂದನ್ನು ಲ್ಯಾಬ್ ಇರುವ ಹತ್ತಿರದ ಆಸ್ಪತ್ರೆಯಲ್ಲೇ ಮಾಡಿಸಿ.